ಐದು ವರ್ಷದ ಮೆಂಬರು, ಏಳು ವರ್ಷದ ಓಣಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಬಸ್ಸಿನ ಕಿಟಕಿ ಪಕ್ಕ ಇಯರ್‌ಫೋನ್ ಹಾಕ್ಕೊಂಡು ಕೂತೋರಿಗೆ, ಅಂಗಡಿ ಶಟರ್ ಎತ್ತಿ ಗಿರಾಕಿ ಬರೋತನಕ ಕೇಳೋರಿಗೆ, ಬೆಂಗಳೂರಿನ ಪಿಜಿಯಲ್ಲಿ ಕೂತು ಊರಿನ ಸುದ್ದಿ ಹುಡುಕೋರಿಗೆ, ಎಲ್ಲಾರಿಗೂ ಸ್ವಾಗತ.

ಇವತ್ತಿನ ಸಂಚಿಕೆಯಲ್ಲಿ ವಿಧಾನಸೌಧ ಇಲ್ಲ, ದಿಲ್ಲಿನೂ ಇಲ್ಲ. ಇವತ್ತು ಬರೀ ಗಟಾರ, ನಳ, ಬೀದಿದೀಪ, ಉತಾರ. ಒಂದು ಪ್ರಶ್ನೆಯಿಂದ ಶುರು ಮಾಡ್ತೀನಿ. ನಿಮ್ಮ ವಾರ್ಡ್ ಮೆಂಬರ್ ಅವಧಿ ಎಷ್ಟು ವರ್ಷ? ಐದು ಅಂತೀರಿ. ಸರಿ. ಯಾವತ್ತಿಂದ ಐದು? ಗೆದ್ದ ದಿನದಿಂದಲಾ, ಗುಲಾಲು ಹಾರಿಸಿದ ದಿನದಿಂದಲಾ, ಕುರ್ಚಿ ಮೇಲೆ ಕೂತ ದಿನದಿಂದಲಾ? ಇದಕ್ಕೆ ಉತ್ತರ ಸಿಕ್ಕರೆ ನಿಮ್ಮ ಓಣಿಯ ಗಟಾರ ಯಾಕೆ ಹಂಗೇ ಉಳೀತು ಅನ್ನೋದಕ್ಕೂ ಅರ್ಧ ಉತ್ತರ ಸಿಗ್ತದೆ.

ಮೊದಲು ನಮ್ಮ ಮೂರು ಊರಿನ ಪರಿಚಯ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ. ಒಂದೇ ಜಿಲ್ಲೆ, ಒಂದೇ ರೈಲು ಮಾರ್ಗ, ಒಂದೇ ರೊಟ್ಟಿ. ಆದ್ರೂ ಮೂರಕ್ಕೂ ಮೂರು ಸ್ವಭಾವ. ಹಾವೇರಿ 1997ರಲ್ಲಿ ಧಾರವಾಡದಿಂದ ಬೇರೆಯಾಗಿ ಜಿಲ್ಲಾ ಕೇಂದ್ರ ಆಯ್ತು. ಏಲಕ್ಕಿ ಹಾರದ ಊರು ಅಂತ ಹೆಸರು. ರಾಣೆಬೆನ್ನೂರು ಬೀಜದ ವ್ಯಾಪಾರದ ಊರು. 2011ರ ಜನಗಣತಿಯಲ್ಲೇ ಅಲ್ಲಿನ ಜನಸಂಖ್ಯೆ ಒಂದು ಲಕ್ಷ ದಾಟಿತ್ತು. ಹಾವೇರಿಯದು ಆಗ ಸುಮಾರು 67 ಸಾವಿರ. ಅಂದ್ರೆ ಜಿಲ್ಲೆಯಲ್ಲಿ ದೊಡ್ಡ ಊರು ಒಂದು, ಜಿಲ್ಲಾಧಿಕಾರಿ ಕೂರೋದು ಇನ್ನೊಂದರಲ್ಲಿ. ರಾಣೆಬೆನ್ನೂರಿನವರು ಇದನ್ನ ಬಾಯಿಬಿಟ್ಟು ಹೇಳದೇ ಇದ್ರೂ ಗಾಡಿ ನಂಬರ್ ಪ್ಲೇಟ್ ಹೇಳ್ತದೆ. ಹಾವೇರಿ ಕೆಎ-27, ರಾಣೆಬೆನ್ನೂರಿಗೆ ತನ್ನದೇ ಕೆಎ-68. ಲ್ಯಾಂಡ್‌ಲೈನ್ ಕಾಲದಲ್ಲೂ ಹಂಗೇ. ಹಾವೇರಿಗೂ ಬ್ಯಾಡಗಿಗೂ 08375, ರಾಣೆಬೆನ್ನೂರಿಗೆ ಮಾತ್ರ ಬೇರೆ, 08373. ಇನ್ನು ಬ್ಯಾಡಗಿ. ಹೆದ್ದಾರಿ ಮೇಲೆ ಇಲ್ಲ, ಮೋಟೆಬೆನ್ನೂರಿನಲ್ಲಿ ತಿರುಗಿ ಒಳಗೆ ಹೋಗಬೇಕು. ಆದ್ರೆ ಮೂರರಲ್ಲಿ ದೇಶದ ಅಡುಗೆಮನೆಗೆಲ್ಲ ಹೆಸರು ಗೊತ್ತಿರೋದು ಆ ಸಣ್ಣ ಊರಿಂದೇ. ಮೆಣಸಿನಕಾಯಿ!

ಈ ಮೂರೂ ಊರು ನಡೆಯೋದು ಒಂದೇ ಕಾನೂನಿನ ಮೇಲೆ, 1964ರ ಕರ್ನಾಟಕ ಪುರಸಭೆಗಳ ಕಾಯ್ದೆ. ಅದರಲ್ಲಿ ಎಲ್ಲಾ ಜನಸಂಖ್ಯೆಯ ಲೆಕ್ಕ. 20 ಸಾವಿರದಿಂದ 50 ಸಾವಿರದ ಒಳಗಿದ್ರೆ ಪುರಸಭೆ, 50 ಸಾವಿರ ದಾಟಿದ್ರೆ ನಗರಸಭೆ. ಅದಕ್ಕೇ ಬ್ಯಾಡಗಿ ಪುರಸಭೆ, 23 ಸದಸ್ಯರು. ಹಾವೇರಿ ನಗರಸಭೆ, 31. ರಾಣೆಬೆನ್ನೂರೂ ನಗರಸಭೆ, 35. ನಗರಸಭೆಯ ದೊಡ್ಡ ಸಾಹೇಬರಿಗೆ ಪೌರಾಯುಕ್ತರು ಅಂತಾರೆ, ಪುರಸಭೆಯಲ್ಲಿ ಅದೇ ಕುರ್ಚಿಗೆ ಮುಖ್ಯಾಧಿಕಾರಿ ಅಂತಾರೆ. ಅರ್ಜಿಯಲ್ಲಿ 'ಗೆ' ಅಂತ ಬರೆದ ಮೇಲೆ ಯಾರ ಹೆಸರು ಹಾಕಬೇಕು ಅಂತ ತಲೆ ಕೆರ್ಕೊಳ್ಳೋರಿಗೆ ಇದು ಉಪಯೋಗ ಆಗ್ತದೆ, ನೆನಪಿಟ್ಕೊಳ್ಳಿ.

ಈಗ ಗಡಿಯಾರದ ಕಥೆ.

2018ರ ಆಗಸ್ಟ್ 31. ರಾಜ್ಯದ ನೂರಕ್ಕೂ ಹೆಚ್ಚು ಊರುಗಳ ಜೊತೆ ಹಾವೇರಿಗೂ ರಾಣೆಬೆನ್ನೂರಿಗೂ ಮತದಾನ. ಸೆಪ್ಟೆಂಬರ್ 3ಕ್ಕೆ ಎಣಿಕೆ. ಎರಡೂ ಕಡೆ ಯಾವ ಪಕ್ಷಕ್ಕೂ ಪೂರ್ತಿ ಬಹುಮತ ಬರಲಿಲ್ಲ. ರಾಣೆಬೆನ್ನೂರಿನಲ್ಲಂತೂ ಕೆಪಿಜೆಪಿ ಅನ್ನೋ ಪಕ್ಷ 35ರಲ್ಲಿ 10 ವಾರ್ಡು ಗೆದ್ದಿತ್ತು. ಅದೇ ವರ್ಷ ಅಲ್ಲಿನ ಶಾಸಕರೂ ಅದೇ ಪಕ್ಷದಿಂದ ಗೆದ್ದವರು. ಗೆದ್ದವರಿಗೆ ಹಾರ ಬಿತ್ತು, ಪಟಾಕಿ ಹೊಡೆದ್ರು, ಓಣಿ ಓಣಿ ಮೆರವಣಿಗೆ ಆಯ್ತು. ಮುಂದೆ?

ಮುಂದೆ ಏನೂ ಇಲ್ಲ. ಸದಸ್ಯರು ಗೆದ್ದರು, ಸಭೆ ಮಾತ್ರ ಕೂಡಲಿಲ್ಲ.

ಯಾಕಂದ್ರೆ ಮೊದಲ ಸಭೆ ಕೂಡಬೇಕಾದ್ರೆ ಅಧ್ಯಕ್ಷ, ಉಪಾಧ್ಯಕ್ಷರ ಆಯ್ಕೆ ಆಗಬೇಕು. ಆ ಎರಡು ಸ್ಥಾನ ಈ ಸಲ ಯಾವ ವರ್ಗಕ್ಕೆ ಮೀಸಲು ಅನ್ನೋದನ್ನ ರಾಜ್ಯ ಸರ್ಕಾರ ಇಡೀ ರಾಜ್ಯಕ್ಕೆ ಸೇರಿಸಿ ಪಟ್ಟಿ ಮಾಡ್ತದೆ. ಪಟ್ಟಿ ಬಂತು, ತಿದ್ದುಪಡಿ ಆಯ್ತು, ಹೈಕೋರ್ಟಿಗೆ ಹೋಯ್ತು. ಒಂದು ಊರಿನವರು "ನಮಗೆ ಹೋದ ಸಲಾನೂ ಇದೇ ವರ್ಗ ಬಂದಿತ್ತು" ಅಂತ ಹೋದ್ರೆ, ಇನ್ನೊಂದು ಊರಿನವರು "ನಮಗೆ ಬರಬೇಕಾದ್ದು ತಪ್ಪಿತು" ಅಂತ ಹೋದ್ರು. ಪಟ್ಟಿ ಮತ್ತೆ ಬಂದದ್ದು 2020ರ ಅಕ್ಟೋಬರ್‌ನಲ್ಲಿ. ಅಷ್ಟರಲ್ಲಿ ಎರಡು ವರ್ಷ ಕಳೆದಿತ್ತು, ನಡುವೆ ಕೊರೊನಾ, ಲಾಕ್‌ಡೌನ್ ಎಲ್ಲಾ ಬಂದುಹೋಗಿತ್ತು. ಬ್ಯಾಡಗಿಯ ಮೆಂಬರ್‌ಗಳೂ ಇದೇ ಪಟ್ಟಿ ಕಾಯ್ತಾ ಕೂತರು.

ಒಂದು ಮಾತು ಇಲ್ಲೇ ಸ್ಪಷ್ಟ ಮಾಡ್ತೀನಿ. ತಪ್ಪು ಮೀಸಲಾತಿಯದಲ್ಲ. ಮೀಸಲಾತಿ ಇರೋದ್ರಿಂದಲೇ ನಮ್ಮ ಊರಿನಲ್ಲಿ ಎಷ್ಟೋ ಹೆಣ್ಣುಮಕ್ಕಳು, ಎಷ್ಟೋ ಸಣ್ಣ ಸಮುದಾಯದವರು ಆ ಕುರ್ಚಿ ನೋಡಿದ್ದಾರೆ. ತಪ್ಪಿದ್ದು ಪಟ್ಟಿ ಮಾಡೋ ಕೆಲಸ. ಚುನಾವಣೆ ಬರ್ತದೆ ಅಂತ ಐದು ವರ್ಷ ಮೊದಲೇ ಗೊತ್ತಿರೋ ಸರ್ಕಾರ, ಯಾವ ಪಕ್ಷದ್ದೇ ಇರಲಿ, ಸರದಿ ಲೆಕ್ಕ ಮೊದಲೇ ಸರಿ ಮಾಡಿಟ್ಕೋಬೇಕಿತ್ತು.

ರಾಣೆಬೆನ್ನೂರಿನ ತಮಾಷೆ ನೋಡಿ. 2018ರ ಮೇ ತಿಂಗಳಲ್ಲಿ ಶಾಸಕರ ಚುನಾವಣೆ ಆಯ್ತು. ಆಗಸ್ಟ್‌ನಲ್ಲಿ ನಗರಸಭೆ ಚುನಾವಣೆ. 2019ರಲ್ಲಿ ಆ ಶಾಸಕರು ಅನರ್ಹರಾದರು, ಡಿಸೆಂಬರ್‌ನಲ್ಲಿ ಉಪಚುನಾವಣೆ ಆಯ್ತು, ಹೊಸ ಶಾಸಕರು ಬಂದ್ರು. ಬೆಂಗಳೂರಿನಲ್ಲಿ ಸರ್ಕಾರನೂ ಬದಲಾಯ್ತು. ಇಷ್ಟೆಲ್ಲಾ ಆದ್ರೂ ನಗರಸಭೆಗೆ ಮೊದಲ ಅಧ್ಯಕ್ಷರು ಇನ್ನೂ ಬಂದಿರಲಿಲ್ಲ! ನಗರಸಭೆ ಅಧ್ಯಕ್ಷರ ಆಯ್ಕೆಯಲ್ಲಿ ಶಾಸಕರಿಗೂ, ಸಂಸದರಿಗೂ ಒಂದೊಂದು ಮತ ಇರ್ತದೆ. ಕೊನೆಗೆ ಆಯ್ಕೆ ನಡೆಯೋ ಹೊತ್ತಿಗೆ ಆ ಮತ ಹಾಕಬೇಕಾದ ಶಾಸಕರೇ ಬೇರೆಯವರಾಗಿದ್ರು.

ಈಗ ನಾನು ಕೇಳಿದ ಪ್ರಶ್ನೆಗೆ ಬರೋಣ. ಯಾವತ್ತಿಂದ ಐದು? ಸಂವಿಧಾನದ 243ಯು ವಿಧಿ ಇದನ್ನ ಹೇಳ್ತದೆ: ಮೊದಲ ಸಭೆಗೆ ಗೊತ್ತು ಮಾಡಿದ ದಿನದಿಂದ ಐದು ವರ್ಷ. ಗೆದ್ದ ದಿನದಿಂದ ಅಲ್ಲ. ಅಂದ್ರೆ ಮೊದಲ ಸಭೆ 2020ರ ಕೊನೆಗೆ ಆಯ್ತು ಅಂದ್ರೆ, ಅವಧಿ ಮುಗಿಯೋದು 2025ರ ಕೊನೆಗೆ. 2018ರಲ್ಲಿ ನೀವು ಆರಿಸಿದ ಮೆಂಬರ್ ಏಳು ವರ್ಷ ಮೆಂಬರ್.

ಬಿ.ಕಾಂ ಓದಿದ ನನಗೆ ಇದನ್ನ ಲೆಕ್ಕದ ಭಾಷೆಯಲ್ಲಿ ಹೇಳಿದ್ರೆ ಸಮಾಧಾನ. ದುಡ್ಡು ಇವತ್ತು ಕಟ್ಟಿದ್ದೀರಿ, ರಸೀದಿನೂ ಕೈಯಲ್ಲಿದೆ. ಆದ್ರೆ ಖಾತೆ ಪುಸ್ತಕದಲ್ಲಿ ಅದು ಏರೋದು ಎರಡು ವರ್ಷ ಆದ ಮೇಲೆ. ನಡುವಿನ ಎರಡು ವರ್ಷ ನಿಮ್ಮ ಮತ ಯಾವ ಪುಟದಲ್ಲೂ ಇಲ್ಲ. ಇನ್ನೊಂದು ಲೆಕ್ಕ. 2018ರ ಸೆಪ್ಟೆಂಬರ್‌ನಲ್ಲಿ 18 ತುಂಬಿದ ಹುಡುಗಿ, ಆ ಸಲ ಮತ ತಪ್ಪಿಸಿಕೊಂಡವಳು, ಅವಧಿ ಮುಗಿಯೋ ಹೊತ್ತಿಗೆ 25ರವಳು. ಅವಳು ಡಿಗ್ರಿ ಮುಗಿಸಿದಳು, ಕೆಲಸಕ್ಕೆ ಸೇರಿದಳು, ಮದುವೆನೂ ಆಗಿರಬಹುದು. ತನ್ನ ಓಣಿಯ ಮೆಂಬರ್ ಯಾರಾಗಬೇಕು ಅಂತ ಒಂದು ಸಲನೂ ಹೇಳಿಲ್ಲ.

"ಹೋಗ್ಲಿ ಬಿಡೋ, ಅಧ್ಯಕ್ಷ ಇಲ್ಲಂದ್ರೆ ಊರು ನಿಂತುಬಿಡ್ತದಾ?" ಅಂತ ನೀವು ಕೇಳ್ತೀರಿ. ನಿಲ್ಲೋದಿಲ್ಲ. ಆಡಳಿತಾಧಿಕಾರಿ ಅಂತ ಒಬ್ಬರು ಇರ್ತಾರೆ, ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿ. ಸಂಬಳ ಆಗ್ತದೆ, ಪೌರಕಾರ್ಮಿಕರು ನಸುಕಿನಲ್ಲೇ ಬಂದು ಕಸ ಗುಡಿಸ್ತಾರೆ, ತುಂಗಭದ್ರೆ ನೀರು ಬರೋ ದಿನ ಬರ್ತದೆ. ನಿಲ್ಲೋದು ಜಗಳ. ನಾನು ಜಗಳ ಅಂದದ್ದು ಒಳ್ಳೆ ಅರ್ಥದಲ್ಲಿ. ಕ್ರಿಯಾ ಯೋಜನೆ ಮಾಡುವಾಗ "ನನ್ನ ವಾರ್ಡಿಗೆ ಯಾಕಿಲ್ಲ, ಆ ವಾರ್ಡಿಗೆ ಎರಡು ರಸ್ತೆ ಯಾಕೆ?" ಅಂತ ಮೇಜು ಕುಟ್ಟಿ ಕೇಳೋ ಜಗಳ. ಅದು ಠರಾವು ಪುಸ್ತಕದಲ್ಲಿ ದಾಖಲಾಗೋ ಜಗಳ. ಒಬ್ಬ ಅಧಿಕಾರಿಗೆ ಜಿಲ್ಲೆಯ ಬರ, ಬೆಳೆ ಪರಿಹಾರ, ಚುನಾವಣೆ, ಮಂತ್ರಿಗಳ ಸಭೆ ಎಲ್ಲಾ ತಲೆ ಮೇಲಿರುವಾಗ ಹದಿನಾಲ್ಕನೇ ವಾರ್ಡಿನ ಮೂರನೇ ಅಡ್ಡರಸ್ತೆಯ ಗಟಾರ ಯಾವಾಗ ನೆನಪಾಗಬೇಕು?

ನಮ್ಮ ಓಣಿಯದ್ದೇ ಹೇಳ್ತೀನಿ. ಊರಿನ ಹೆಸರು ಬೇಡ. ಗಟಾರದ ಮೇಲಿನ ಎರಡು ಕಲ್ಲು ಒಡೆದು ಬಿದ್ದಿದ್ವು. ಅಜ್ಜಿ ಸಂಜೆ ಗುಡಿಗೆ ಹೋಗೋ ದಾರಿ ಅದು. ಮೆಂಬರ್ ಹತ್ರ ಹೋದ್ವಿ. ಪಾಪ, ಅವರು ಒಳ್ಳೆಯವರೇ. "ನನಗಿನ್ನೂ ಪ್ರಮಾಣವಚನಾನೇ ಆಗಿಲ್ಲಪಾ, ನಾ ಏನ್ ಸಹಿ ಮಾಡ್ಲಿ?" ಅಂದ್ರು. ಕಚೇರಿಗೆ ಹೋದ್ರೆ "ಕ್ರಿಯಾ ಯೋಜನೆಯಾಗ ಬರಬೇಕ್ರೀ" ಅಂದ್ರು. ಕ್ರಿಯಾ ಯೋಜನೆಗೆ ಯಾರು ಸೇರಿಸಬೇಕು ಅಂತ ಕೇಳಿದ್ರೆ "ನಿಮ್ಮ ಮೆಂಬರ್‌ಗೆ ಹೇಳ್ರಿ" ಅಂದ್ರು. ಗಾಣದ ಎತ್ತಿನ ತರ ಸುತ್ತಿದ್ದೇ ಸುತ್ತಿದ್ದು. ಕೊನೆಗೆ ಓಣಿಯ ಮನೆಯವರೆಲ್ಲ ಪಟ್ಟಿ ಹಾಕಿ ಎರಡು ಹಾಸುಗಲ್ಲು ತಂದು ಹಾಕಿಸಿದ್ರು. ಗಣಪತಿ ಪಟ್ಟಿ ಗೊತ್ತಿತ್ತು, ಗಟಾರದ ಪಟ್ಟಿ ಅದೇ ಮೊದಲು ನೋಡಿದ್ದು. ಆ ವರ್ಷದ ಮನೆ ಕಂದಾಯನೂ ಎಲ್ಲಾರೂ ಕಟ್ಟಿದ್ರು. ಅಂದ್ರೆ ಅದೇ ಗಟಾರಕ್ಕೆ ಎರಡು ಸಲ ದುಡ್ಡು.

ಇಷ್ಟಕ್ಕೇ ಮುಗೀಲಿಲ್ಲ. ಅಧ್ಯಕ್ಷರ ಅವಧಿ 30 ತಿಂಗಳು. 2023ರಲ್ಲಿ ಆ ಮೊದಲ ಅವಧಿ ಮುಗೀತು. ಎರಡನೇ ಅವಧಿಗೆ ಮತ್ತೆ ಮೀಸಲಾತಿ ಪಟ್ಟಿ ಬೇಕು. ಅದು ಬಂದದ್ದು 2024ರ ಆಗಸ್ಟ್‌ನಲ್ಲಿ. ನಡುವೆ ಮತ್ತೆ ಒಂದು ವರ್ಷದ ಮೇಲೆ ಆಡಳಿತಾಧಿಕಾರಿ. ಆದ್ರೆ ಈ ಸಲ ಗಡಿಯಾರ ನಿಂತಿರಲಿಲ್ಲ, ಓಡ್ತಾನೇ ಇತ್ತು. ಹಂಗಾಗಿ ಎರಡನೇ ಸರದಿಯ ಅಧ್ಯಕ್ಷರಿಗೆ ಸಿಕ್ಕಿದ್ದು 30 ತಿಂಗಳಲ್ಲಿ ಅರ್ಧದಷ್ಟು. ಆ ಸರದಿ ಯಾವ ವರ್ಗಕ್ಕೆ ಬಂದಿತ್ತೋ ಆ ವರ್ಗದವರಿಗೆ ಆ ಮಟ್ಟಿಗೆ ಕಡಿತ. ಮೀಸಲಾತಿ ಪಟ್ಟಿ ತಡ ಆದ್ರೆ ಮೊದಲು ಪೆಟ್ಟು ಬೀಳೋದು ಮೀಸಲಾತಿ ಯಾರಿಗಾಗಿ ಇದೆಯೋ ಅವರಿಗೇ.

ಊರಿಂದ ಹಳ್ಳಿ ಕಡೆ ಹೋದ್ರೆ ಇನ್ನೂ ವಿಚಿತ್ರ. ತಾಲ್ಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿಗೆ ಚುನಾವಣೆ ಆದದ್ದು 2016ರಲ್ಲಿ. 2021ರಲ್ಲಿ ಅವಧಿ ಮುಗೀತು. ಆಮೇಲೆ ವರ್ಷಗಟ್ಟಲೆ ಚುನಾವಣೆನೇ ಇಲ್ಲ. ಕಟ್ಟಡ ಇದೆ, ಬೋರ್ಡ್ ಇದೆ, ಅಧ್ಯಕ್ಷರ ಕೊಠಡಿಗೆ ಬೀಗ ಇದೆ.

ಈಗ ಭಾಷೆಯ ವಿಷಯ, ಸ್ವಲ್ಪ ಹಗುರ ಆಗೋಣ. ನಮ್ಮ ಕಡೆ ಮನೆಯ ದಾಖಲೆಗೆ 'ಉತಾರ' ಅಂತೀವಿ. ಸಭೆಯ ತೀರ್ಮಾನಕ್ಕೆ 'ಠರಾವು'. 1956ರತನಕ ನಾವು ಮುಂಬೈ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ವಲ್ಲ, ಆ ಕಾಲದ ಮಾತುಗಳು. ಬೆಂಗಳೂರಿನ ಸಾಫ್ಟ್‌ವೇರ್‌ಗೆ ಇದು ಗೊತ್ತಿಲ್ಲ. ಅದಕ್ಕೆ ಗೊತ್ತಿರೋದು 'ಖಾತಾ'. 2024ರ ಅಕ್ಟೋಬರ್‌ನಿಂದ ಆಸ್ತಿ ನೋಂದಣಿಗೆ ಇ-ಖಾತಾ ಕಡ್ಡಾಯ ಆಯ್ತು. 2025ರ ಫೆಬ್ರವರಿಯಲ್ಲಿ ಬಿ-ಖಾತಾ ಅಭಿಯಾನ ಬಂತು. ಆಗ ಮೂರೂ ಊರಿನಲ್ಲಿ ಒಂದೇ ಸಂಭಾಷಣೆ. ಮಗ ಮೊಬೈಲ್ ನೋಡ್ತಾ, "ಅಪ್ಪಾ, ನಮ್ದು ಇ-ಖಾತಾ ಆಗೈತೇನು?" ಅಪ್ಪ ಟ್ರಂಕಿನಿಂದ ಪ್ಲಾಸ್ಟಿಕ್ ಕವರ್ ತೆಗೆದು, "ಖಾತಾ ಗೀತಾ ಗೊತ್ತಿಲ್ಲ, ಉತಾರ ಐತಿ ನೋಡು." ಇಬ್ಬರೂ ಹೇಳ್ತಿರೋದು ಒಂದೇ ಕಾಗದದ ಬಗ್ಗೆ. ಆದ್ರೆ ಅಪ್ಪನ ಕಾಗದದಲ್ಲಿ ಅಜ್ಜನ ಹೆಸರು, ಚಕ್‌ಬಂದಿಯಲ್ಲಿ ಪಕ್ಕದ ಮನೆಯ ಹಳೆ ಮಾಲೀಕರ ಹೆಸರು. ಇದನ್ನ ಈಗಲೇ ಸರಿ ಮಾಡಿಸ್ಕೊಳ್ಳಿ. ಅಪ್ಪನ ನೆನಪಿನಲ್ಲಿರೋ ಮಾಹಿತಿ ಯಾವ ಸರ್ವರ್‌ನಲ್ಲೂ ಇಲ್ಲ.

ಬ್ಯಾಡಗಿಗೆ ಬರೋಣ. ಬ್ಯಾಡಗಿಯಲ್ಲಿ ಎರಡು ಸರ್ಕಾರ ಇದಾವೆ. ಒಂದು ಪುರಸಭೆ, ಇನ್ನೊಂದು ಎಪಿಎಂಸಿ. ಪುರಸಭೆ 23 ವಾರ್ಡು ನೋಡ್ತದೆ. ಎಪಿಎಂಸಿ ಪ್ರಾಂಗಣದ ರೇಟು ನೋಡೋಕೆ ಮಾತ್ರ ಬಳ್ಳಾರಿ, ರಾಯಚೂರು, ಆಂಧ್ರದ ಕರ್ನೂಲು ಕಡೆಯವರೆಲ್ಲ ಮೊಬೈಲ್ ಹಿಡಿದು ಕೂತಿರ್ತಾರೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು. ಬಣ್ಣ ಹೆಚ್ಚು, ಖಾರ ಕಡಿಮೆ. ನಮ್ಮ ಜನರ ಸ್ವಭಾವ ಉಲ್ಟಾ ಅಂತ ಬ್ಯಾಡಗಿಯ ಗೆಳೆಯನೊಬ್ಬ ನಗಾಡ್ತಾನೆ. ಸೀಸನ್‌ನಲ್ಲಿ ಊರಿಗೆ ಕಾಲಿಟ್ಟ ಕೂಡಲೇ ಸೀನು ಬಂತು ಅಂದ್ರೆ ಮಾರ್ಕೆಟ್ ಜೋರಿದೆ ಅಂತ ಅರ್ಥ.

2024ರ ಮಾರ್ಚ್ 11, ಸೋಮವಾರ. ಮಾರುಕಟ್ಟೆಗೆ ಲಕ್ಷಗಟ್ಟಲೆ ಚೀಲ ಬಂದಿದ್ವು. ದರ ಕುಸೀತು. ಸಿಟ್ಟಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದ್ರು, ವಾಹನಗಳಿಗೆ ಬೆಂಕಿ ಬಿತ್ತು. ಆ ವಿಡಿಯೋ ನೀವೆಲ್ಲ ನೋಡಿದ್ದೀರಿ. ಬೆಂಕಿ ಹಚ್ಚಿದ್ದು ಸರಿ ಅಂತ ನಾನು ಹೇಳೋದಿಲ್ಲ. ಆದ್ರೆ ಒಂದು ಮಾತು ಯೋಚನೆ ಮಾಡಿ. ಎಪಿಎಂಸಿ ಅಂದ್ರೂ ಚುನಾಯಿತ ಸಂಸ್ಥೆನೇ. ಅದರ ಆಡಳಿತ ಮಂಡಳಿಗೆ ಮತ ಹಾಕೋ ರೈತರು ಆ ಮಾರುಕಟ್ಟೆ ವ್ಯಾಪ್ತಿಯವರು. ಮೆಣಸಿನಕಾಯಿ ತುಂಬಿಸ್ಕೊಂಡು ರಾತ್ರಿಯೆಲ್ಲಾ ಲಾರಿ ಮೇಲೆ ಕೂತು ಬರೋ ರಾಯಚೂರಿನ ರೈತನಿಗೆ, ಕರ್ನೂಲಿನ ರೈತನಿಗೆ ಅಲ್ಲಿ ಮತ ಇಲ್ಲ. ಅವನ ವರ್ಷದ ದುಡಿಮೆಗೆ ಬೆಲೆ ಬೀಳೋ ಜಾಗದಲ್ಲಿ ಅವನು ಬರೀ ಒಂದು ಲಾಟ್ ನಂಬರ್. ಕೇಳೋಕೆ ಮೆಂಬರ್ ಇಲ್ಲ, ಬರೆಯೋಕೆ ಅರ್ಜಿ ಇಲ್ಲ, ಮರುದಿನ ತನಕ ಕಾಯೋಣ ಅಂದ್ರೆ ಉಳಿಯೋ ಜಾಗ ಇಲ್ಲ.

ಇದಕ್ಕೂ ನಮ್ಮ ಗಟಾರದ ಕಥೆಗೂ ಸಂಬಂಧ ಇದೆ. ಎರಡೂ ಕಡೆ ಮನುಷ್ಯ ಹುಡುಕ್ತಿರೋದು ತನ್ನ ಮಾತು ದಾಖಲೆ ಆಗೋ ಒಂದು ಜಾಗ. ನಮಗೆ ಅದು ಇದ್ದೂ ಬೀಗ ಬಿದ್ದಿತ್ತು, ಅವರಿಗೆ ಅದು ಇರಲೇ ಇಲ್ಲ. ಓಣಿಯವರು ಪಟ್ಟಿ ಹಾಕಿ ಕಲ್ಲು ತಂದ್ರು. ಅವರು ಏನು ಪಟ್ಟಿ ಹಾಕಬೇಕು?

ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡ ನಿಮಗೆ ಗೊತ್ತಲ್ಲ. ದಸರಾ ಹೊತ್ತಿಗೆ ಗೊರವಯ್ಯ ಬಿಲ್ಲೇರಿ ಒಂದೇ ಸಾಲಿನ ಕಾರ್ಣಿಕ ನುಡೀತಾರೆ. ಆ ಒಂದು ಸಾಲಿನಲ್ಲಿ ಮಳೆ ಎಷ್ಟು, ಬೆಳೆ ಹೆಂಗೆ, ಸರ್ಕಾರ ಉಳೀತದಾ ಇಲ್ಲಾ ಅಂತ ಜನ ಒಬ್ಬೊಬ್ಬರು ಒಂದೊಂದು ಅರ್ಥ ತೆಗೀತಾರೆ. ಅದು ನಂಬಿಕೆ, ಅದರ ಪಾಡಿಗೆ ಅದು ಚಂದ. ಆದ್ರೆ ನಗರಸಭೆ ಚುನಾವಣೆ ಯಾವಾಗ, ಅಧ್ಯಕ್ಷರು ಯಾವಾಗ ಅನ್ನೋದೂ ಕಾರ್ಣಿಕ ಆಗಬಾರದು. ಅವಧಿ ಮುಗಿಯೋದ್ರೊಳಗೆ ಚುನಾವಣೆ ಮುಗಿದಿರಬೇಕು ಅಂತ ಸಂವಿಧಾನ ಬರೆದಿಟ್ಟಿದೆ. 2006ರಲ್ಲಿ ಅಹಮದಾಬಾದ್ ಮಹಾನಗರಪಾಲಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿದೆ. ಗೆದ್ದ ಮೇಲೆ ಇಷ್ಟು ದಿನದೊಳಗೆ ಸಭೆ ಕೂಡಲೇಬೇಕು ಅಂತ ಅಷ್ಟೇ ಗಟ್ಟಿಯಾಗಿ ಕೇಳೋರು ನಾವಾಗಬೇಕು.

ಹೆಂಗೆ ಕೇಳೋದು? ನಾಲ್ಕು ಸಣ್ಣ ಕೆಲಸ ಹೇಳ್ತೀನಿ.

ಒಂದು, ನಿಮ್ಮ ವಾರ್ಡ್ ನಂಬರ್ ತಿಳ್ಕೊಳ್ಳಿ. ನಗಬೇಡಿ, ನಮ್ಮ ವಯಸ್ಸಿನ ಹತ್ತು ಮಂದಿಯನ್ನ ಕೇಳಿ ನೋಡಿ. ಪಿನ್‌ಕೋಡ್ ಹೇಳ್ತಾರೆ, ವಾರ್ಡ್ ಹೇಳಲ್ಲ. ಪಾರ್ಸಲ್ ಬರೋಕೆ ಪಿನ್‌ಕೋಡ್ ಸಾಕು, ನೀರು ಬರೋಕೆ ವಾರ್ಡ್ ಬೇಕು.

ಎರಡು, ಸಾಮಾನ್ಯ ಸಭೆಯ ನಡಾವಳಿ ಕೇಳಿ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದದೊಳಗೆ ಇರಬೇಕು, ಒಂದೇ ವಿಷಯ ಇರಬೇಕು. ಇನ್‌ಸ್ಟಾದಲ್ಲಿ ಅದಕ್ಕಿಂತ ಉದ್ದ ಬರೀತೀರಿ. ನಿಮ್ಮ ಮೆಂಬರ್ ಕಳೆದ ವರ್ಷ ಯಾವ ಸಭೆಗೆ ಬಂದ್ರು, ಏನು ಮಾತಾಡಿದ್ರು ಅಂತ ಅದರಲ್ಲಿ ಸಿಗ್ತದೆ.

ಮೂರು, ಏಪ್ರಿಲ್‌ನಲ್ಲಿ ಕಂದಾಯ ಕಟ್ಟಿದ್ರೆ ಶೇ 5 ರಿಯಾಯಿತಿ. ಕಟ್ಟಿ, ರಸೀದಿ ಜೋಪಾನ ಮಾಡಿ. ರಸೀದಿ ಕೈಯಲ್ಲಿ ಹಿಡಿದು ಕೇಳೋನ ದನಿಯೇ ಬೇರೆ ಇರ್ತದೆ, ಇದನ್ನ ಅಂಗಡಿ ಇಟ್ಟವರು ಒಪ್ತಾರೆ.

ನಾಲ್ಕು, ದೂರು ಬಾಯಲ್ಲಿ ಬೇಡ. 1902ಕ್ಕೆ ಫೋನ್ ಮಾಡಿದ್ರೆ ದೂರಿಗೆ ಒಂದು ನಂಬರ್ ಕೊಡ್ತಾರೆ. ಕಚೇರಿಯಲ್ಲಿ ಕೊಟ್ರೆ ಎರಡು ಪ್ರತಿ ಒಯ್ದು, ಒಂದರ ಮೇಲೆ ಸೀಲು ಹಾಕಿಸ್ಕೊಂಡು ಬನ್ನಿ. ಸೀಲಿಲ್ಲದ ಅರ್ಜಿ ಅಂದ್ರೆ ಚಹಾದಂಗಡಿ ಮಾತು.

ಅಧ್ಯಕ್ಷರು ಇರಲಿ, ಆಡಳಿತಾಧಿಕಾರಿ ಇರಲಿ, ಈ ನಾಲ್ಕು ಕೆಲಸ ನಿಲ್ಲೋದಿಲ್ಲ. ಇವಕ್ಕೆ ಯಾವ ಮೀಸಲಾತಿ ಪಟ್ಟಿನೂ ಕಾಯಬೇಕಿಲ್ಲ.

ಮುಂದಿನ ವಾರ ಹಾವೇರಿ ಬಸ್‌ಸ್ಟ್ಯಾಂಡಿನಿಂದ ಹಳ್ಳಿಗೆ ಹೋಗೋ ಕೊನೆ ಬಸ್ಸುಗಳ ಬಗ್ಗೆ ಮಾತಾಡೋಣ. ಅದಕ್ಕಿಂತ ಮೊದಲು ನಿಮ್ಮ ಊರು, ನಿಮ್ಮ ವಾರ್ಡ್ ನಂಬರ್, ನಿಮ್ಮ ಓಣಿಯಲ್ಲಿ ಅತಿ ಹೆಚ್ಚು ದಿನದಿಂದ ಬಾಕಿ ಇರೋ ಒಂದೇ ಒಂದು ಕೆಲಸ, ಇಷ್ಟನ್ನ ವಾಯ್ಸ್ ನೋಟ್ ಮಾಡಿ ಕಳಿಸಿ. ಒಂದು ನಿಮಿಷ ಮೀರಬಾರದು. ಬರೋಣ್ರೀ, ನಮಸ್ಕಾರ.